ಓವರ್‌ಲೋಡ್ ಲಾರಿ: ಉಳಿತಾಯ ಯಾರ ಜೇಬಿಗೆ, ಖರ್ಚು ಯಾರ ತಲೆಗೆ

ಹತ್ತು ಚಕ್ರದ ಲಾರಿ 19 ಟನ್ ಹೊರಬೇಕಾದ ಕಡೆ 26 ಟನ್ ಹೊತ್ತರೆ ಯಾರಿಗೇನು ನಷ್ಟ? ಟ್ರಿಪ್ ಕಡಿಮೆಯಾಗುತ್ತದೆ, ಡೀಸೆಲ್ ಉಳಿಯುತ್ತದೆ, ಜಲ್ಲಿ, ಸಿಮೆಂಟು ಸ್ವಲ್ಪ ಅಗ್ಗಕ್ಕೆ ಸಿಗುತ್ತದೆ. ಈ ಮಾತು ಲಾರಿ ಸ್ಟ್ಯಾಂಡಿನಲ್ಲೂ ಕೇಳುತ್ತದೆ, ಓದಿಕೊಂಡವರ ಬಾಯಲ್ಲೂ ಕೇಳುತ್ತದೆ. ಇದರಲ್ಲಿ ಅರ್ಧ ನಿಜವಿರುವುದರಿಂದಲೇ ಈ ವಾದ ಸಾಯುವುದಿಲ್ಲ. ಉಳಿದರ್ಧ ಡಾಂಬರಿನ ಅಡಿಯಲ್ಲಿ ನಡೆಯುವ ಸಂಗತಿ. ಅದನ್ನು ಲೆಕ್ಕ ಹಾಕಿಯೇ ನೋಡಬೇಕು.

ಭಾರತದಲ್ಲಿ ಸರಕಿನ ಸುಮಾರು 70 ಶೇಕಡಾ ರಸ್ತೆಯಲ್ಲೇ ಸಾಗುತ್ತದೆ. ದೇಶದ ಒಟ್ಟು ರಸ್ತೆಯ ಉದ್ದದಲ್ಲಿ ರಾಷ್ಟ್ರೀಯ ಹೆದ್ದಾರಿಗಳ ಪಾಲು ಸುಮಾರು 2 ಶೇಕಡಾ, ಆದರೆ ಸಂಚಾರದ ಸುಮಾರು 40 ಶೇಕಡಾ ಅವುಗಳ ಮೇಲಿದೆ. ಹೀಗಾಗಿ ಲಾರಿಯ ಮೇಲೆ ಎಷ್ಟು ತೂಕ ಹೇರಬೇಕು ಎಂಬುದು ಲಾರಿ ಮಾಲೀಕನೊಬ್ಬನ ಖಾಸಗಿ ವಿಷಯವಾಗಿ ಉಳಿಯುವುದಿಲ್ಲ.

ನಾಲ್ಕನೇ ಘಾತದ ಲೆಕ್ಕ

ಅಮೆರಿಕದ ಇಲಿನಾಯ್ ರಾಜ್ಯದ ಒಟ್ಟಾವಾ ಊರಿನ ಹತ್ತಿರ 1958ರಿಂದ 1960ರವರೆಗೆ ಒಂದು ಪ್ರಯೋಗ ನಡೆಯಿತು. ಬೇರೆ ಬೇರೆ ದಪ್ಪದ ರಸ್ತೆಗಳನ್ನು ಸುತ್ತುಸುತ್ತಾಗಿ ಕಟ್ಟಿ, ಸೈನಿಕರಿಂದ ಬೇರೆ ಬೇರೆ ತೂಕದ ಲಾರಿಗಳನ್ನು 11 ಲಕ್ಷಕ್ಕೂ ಹೆಚ್ಚು ಆಕ್ಸಲ್ (ಎರಡು ಬದಿಯ ಚಕ್ರಗಳನ್ನು ಜೋಡಿಸುವ ಅಡ್ಡ ಅಚ್ಚು) ಹಾಯುವಷ್ಟು ಓಡಿಸಿ, ಯಾವ ರಸ್ತೆ ಯಾವಾಗ ಒಡೆಯುತ್ತದೆ ಎಂದು ಬರೆದಿಟ್ಟರು. ಅದರಿಂದ ಬಂದ ಫಲಿತಾಂಶವನ್ನೇ ಇವತ್ತಿಗೂ ಬಹುತೇಕ ದೇಶಗಳ ರಸ್ತೆ ಎಂಜಿನಿಯರುಗಳು ಬಳಸುತ್ತಾರೆ: ರಸ್ತೆಗೆ ಆಗುವ ಹಾನಿ ಆಕ್ಸಲ್ ಮೇಲಿನ ತೂಕದ ಸರಿಸುಮಾರು ನಾಲ್ಕನೇ ಘಾತದಂತೆ, ಅಂದರೆ ಅದೇ ಅಂಕಿಯನ್ನು ನಾಲ್ಕು ಸಲ ಬರೆದು ಗುಣಿಸಿದಂತೆ, ಏರುತ್ತದೆ. ತೂಕ ಎರಡು ಪಟ್ಟಾದರೆ ಹಾನಿ ಹದಿನಾರು ಪಟ್ಟು.

ಇಲ್ಲಿ ಗಮನಿಸಬೇಕಾದ್ದು, ಲೆಕ್ಕ ಇರುವುದು ಇಡೀ ಲಾರಿಯ ತೂಕಕ್ಕಲ್ಲ, ಒಂದೊಂದು ಆಕ್ಸಲ್ ಮೇಲೆ ಕೂರುವ ತೂಕಕ್ಕೆ. ರಸ್ತೆ ವಿನ್ಯಾಸದ ಮಾನದಂಡ ರೂಪಿಸುವ ಭಾರತೀಯ ರಸ್ತೆ ಕಾಂಗ್ರೆಸ್‌ನ ಐಆರ್‌ಸಿ 37 ಸಂಹಿತೆಯಲ್ಲಿ ಜೋಡಿ ಟೈರಿನ ಒಂಟಿ ಆಕ್ಸಲಿಗೆ ಅಳತೆಗೋಲು 80 ಕಿಲೋನ್ಯೂಟನ್, ಅಂದರೆ ಸುಮಾರು 8.16 ಟನ್. ಮುಂದಿನ ಒಂಟಿ ಟೈರಿನ ಆಕ್ಸಲಿಗೆ 65 ಕಿಲೋನ್ಯೂಟನ್, ಹಿಂದಿನ ಎರಡು ಆಕ್ಸಲಿನ ಗುಂಪಿಗೆ 148, ಮೂರು ಆಕ್ಸಲಿನ ಗುಂಪಿಗೆ 224. ಯಾವುದೇ ಲಾರಿಯ ಪ್ರತಿ ಆಕ್ಸಲ್ ತೂಕವನ್ನು ಈ ಅಳತೆಗೋಲಿನಿಂದ ಭಾಗಿಸಿ, ನಾಲ್ಕನೇ ಘಾತಕ್ಕೇರಿಸಿ ಕೂಡಿದರೆ ಆ ಲಾರಿ ಒಂದು ಸಲ ಹಾಯ್ದಾಗ ಎಷ್ಟು ‘ಪ್ರಮಾಣಿತ ಆಕ್ಸಲ್’ ಹಾಯ್ದಷ್ಟು ಹಾನಿಯಾಯಿತು ಎಂಬುದು ಸಿಗುತ್ತದೆ. ಕಾರಿನ 600 ಕಿಲೋ ಹೊತ್ತ ಒಂದು ಆಕ್ಸಲನ್ನು ಇದೇ ಸೂತ್ರಕ್ಕೆ ಹಾಕಿದರೆ ಉತ್ತರ ಸುಮಾರು ಹದಿನೈದು ಸಾವಿರದಲ್ಲಿ ಒಂದು ಪಾಲು. ರಸ್ತೆ ಹಾಳು ಮಾಡುವವರು ಕಾರು, ಬೈಕಿನವರಲ್ಲ.

ಈಗ ಹತ್ತು ಚಕ್ರದ ಲಾರಿಗೆ ಬರೋಣ. ಖಾಲಿ ತೂಕ 9 ಟನ್ ಎಂದಿಟ್ಟುಕೊಳ್ಳಿ. ಮುಂದೆ 7, ಹಿಂದಿನ ಜೋಡಿ ಆಕ್ಸಲಿಗೆ 21, ಒಟ್ಟು 28 ಟನ್ ಇದ್ದರೆ ಸರಕು 19 ಟನ್, ಹಾನಿ ಸುಮಾರು 5 ಪ್ರಮಾಣಿತ ಆಕ್ಸಲ್. ಅದೇ ಲಾರಿಗೆ 26 ಟನ್ ಹೇರಿದರೆ ಮುಂದೆ 7.5, ಹಿಂದೆ 27.5 ಕೂರುತ್ತದೆ. ಆಗ ಹಾನಿ 12.6. ಸರಕು ಹೆಚ್ಚಿದ್ದು ಮೂರನೇ ಒಂದು ಪಾಲಿಗಿಂತ ತುಸು ಜಾಸ್ತಿ, ಹಾನಿ ಹೆಚ್ಚಿದ್ದು ಎರಡೂವರೆ ಪಟ್ಟು.

‘ಟ್ರಿಪ್ ಕಡಿಮೆಯಾಗುತ್ತಲ್ಲ’ ಎಂಬ ವಾದವನ್ನೂ ಇಲ್ಲೇ ತೂಗಿ ನೋಡಬಹುದು. 1,000 ಟನ್ ಸಾಗಿಸಲು 19 ಟನ್ನಿನಂತೆ ಸುಮಾರು 53 ಟ್ರಿಪ್ ಬೇಕು, ಒಟ್ಟು ಹಾನಿ 262. 26 ಟನ್ನಿನಂತೆ ಹೇರಿದರೆ 39 ಟ್ರಿಪ್ ಸಾಕು, ಆದರೆ ಹಾನಿ 486. ಟ್ರಿಪ್ ಕಾಲುಭಾಗದಷ್ಟು ಇಳಿದರೂ ಹಾನಿ ದುಪ್ಪಟ್ಟಿಗೆ ಹತ್ತಿರ.

ಇದರರ್ಥ ದೊಡ್ಡ ಲೋಡೇ ಕೆಟ್ಟದ್ದು ಎಂದಲ್ಲ. ಮುಂದೆ 7, ನಡುವೆ 11.5, ಟ್ರೇಲರಿನ ಮೂರು ಆಕ್ಸಲಿಗೆ 27, ಹೀಗೆ 45.5 ಟನ್ನಿನ ಟ್ರೇಲರ್ ಲಾರಿ ಸುಮಾರು 30 ಟನ್ ಸರಕು ಒಯ್ಯುತ್ತದೆ. ಅದರ ಹಾನಿ 7.1 ಮಾತ್ರ. 26 ಟನ್ ಹೇರಿಕೊಂಡ ಹತ್ತು ಚಕ್ರದ ಲಾರಿಗಿಂತ ಸರಕು ಜಾಸ್ತಿ, ಪೆಟ್ಟು ಕಡಿಮೆ. ಆದರೆ ಇಲ್ಲೂ ಒಂದು ಕಿತಾಪತಿ ಇದೆ. ಲಿಫ್ಟ್ ಆಕ್ಸಲ್, ಅಂದರೆ ಖಾಲಿ ಇದ್ದಾಗ ಮೇಲಕ್ಕೆತ್ತಬಹುದಾದ ಆಕ್ಸಲ್, ಇರುವ ಲಾರಿಗಳಲ್ಲಿ ಟೈರು ಉಳಿಸಲು, ತಿರುವಿನಲ್ಲಿ ಸಲೀಸಾಗಲು ಲೋಡಿದ್ದಾಗಲೂ ಆ ಆಕ್ಸಲನ್ನು ಎತ್ತಿಟ್ಟು ಓಡಿಸುವವರಿದ್ದಾರೆ. ಆ ಕ್ಷಣದಲ್ಲಿ ಅದರ ಪಾಲಿನ ತೂಕವೆಲ್ಲ ಪಕ್ಕದ ಆಕ್ಸಲುಗಳ ಮೇಲೆ ಬಿತ್ತು. ಇಡೀ ಲಾರಿಯನ್ನು ವೇ ಬ್ರಿಡ್ಜ್ ಮೇಲೆ ನಿಲ್ಲಿಸಿ ತೂಗಿದರೆ ಇದು ಗೊತ್ತೇ ಆಗುವುದಿಲ್ಲ.

ಡಾಂಬರಿನ ಅಡಿಯಲ್ಲಿ

ಹೆದ್ದಾರಿಯ ರಸ್ತೆ ಪದರ ಪದರವಾಗಿ ಇರುತ್ತದೆ: ತಳದಲ್ಲಿ ದಮ್ಮಸು ಮಾಡಿದ ಮಣ್ಣು, ಅದರ ಮೇಲೆ ಗ್ರಾವೆಲ್ಲು, ಮೇಲೆ ನೀರು ಬೆರೆಸಿ ಒತ್ತಿದ ವೆಟ್ ಮಿಕ್ಸ್ ಜಲ್ಲಿ, ಕೊನೆಗೆ ಡಾಂಬರಿನ ಪದರಗಳು. ಚಕ್ರ ಹಾಯುವಾಗ ಡಾಂಬರು ಕೆಳಕ್ಕೆ ಬಾಗಿ ಮತ್ತೆ ಮೇಲೇಳುತ್ತದೆ. ಬಾಗಿದಾಗ ಅದರ ತಳಭಾಗ ಹಿಗ್ಗುತ್ತದೆ. ಲಕ್ಷಾಂತರ ಸಲ ಹಿಗ್ಗಿದ ಮೇಲೆ ತಳದಿಂದ ಬಿರುಕು ಶುರುವಾಗಿ ಮೇಲಕ್ಕೆ ಬರುತ್ತದೆ. ರಸ್ತೆಯ ಮೇಲೆ ಮೊಸಳೆ ಚರ್ಮದಂಥ ಬಿರುಕು ಕಂಡ ಹೊತ್ತಿಗೆ ಒಳಗಿನ ಕೆಲಸ ಎಂದೋ ಮುಗಿದಿರುತ್ತದೆ. ಇನ್ನೊಂದು ಕಡೆ ತಳದ ಮಣ್ಣು ಒತ್ತಡಕ್ಕೆ ಕುಸಿದು ಚಕ್ರದ ಹಾದಿಯಲ್ಲಿ ಕಾಲುವೆ ಬೀಳುತ್ತದೆ. ಐಆರ್‌ಸಿ 37ರ ಪ್ರಕಾರ ಈ ಕಾಲುವೆಯ ಆಳ 20 ಮಿಲಿಮೀಟರ್ ಮುಟ್ಟಿತೆಂದರೆ, ಅಥವಾ ರಸ್ತೆಯ ಮೈಯ 20 ಶೇಕಡಾ ಭಾಗ ಬಿರುಕು ಬಿಟ್ಟಿತೆಂದರೆ ಆ ರಸ್ತೆಯ ಆಯಸ್ಸು ತೀರಿತು.

ಬಿರುಕಿನ ಮೂಲಕ ಮಳೆನೀರು ಇಳಿದ ಮೇಲೆ ಎಲ್ಲವೂ ಬೇಗ. ಬಳ್ಳಾರಿ, ಗದಗ, ಧಾರವಾಡದ ಕಡೆಯ ಎರೆಮಣ್ಣು ಒಣಗಿದಾಗ ಕಲ್ಲಿನಂತಿದ್ದು, ನೆಂದಾಗ ಉಬ್ಬಿ ಬಲ ಕಳೆದುಕೊಳ್ಳುತ್ತದೆ. ಅದರ ಮೇಲಿನ ರಸ್ತೆ ಒಂದೇ ಮಳೆಗಾಲದಲ್ಲಿ ಕೂರುವುದುಂಟು. ಜನ ಗುತ್ತಿಗೆದಾರನನ್ನು ಬೈಯುತ್ತಾರೆ. ಬೈಯುವುದು ಎಷ್ಟೋ ಸಲ ಸರಿಯೇ, ಆದರೆ ಎಲ್ಲ ಸಲವೂ ಅಲ್ಲ. ಒಂದು ಲಾರಿಗೆ 4.5 ಪ್ರಮಾಣಿತ ಆಕ್ಸಲ್ ಎಂದು ಲೆಕ್ಕ ಹಿಡಿದು 20 ವರ್ಷಕ್ಕೆ ವಿನ್ಯಾಸ ಮಾಡಿದ ರಸ್ತೆಯಲ್ಲಿ ಬರುವ ಲಾರಿಗಳೆಲ್ಲ 12.6ರಂತೆ ಪೆಟ್ಟು ಕೊಟ್ಟರೆ, ಸಂಚಾರ ಹೆಚ್ಚದೆ ಅಷ್ಟೇ ಇದ್ದರೂ, ಆ ರಸ್ತೆ ಏಳು ವರ್ಷಕ್ಕೆ ಮುಗಿಯುತ್ತದೆ.

ಪರಿಸರದ ಲೆಕ್ಕ ಹೇಳುವಾಗ ಹೆಚ್ಚಿನವರು ಹೊಗೆ ಕೊಳವೆಗಷ್ಟೇ ನಿಲ್ಲುತ್ತಾರೆ. ಹದಿಮೂರು ವರ್ಷ ಮೊದಲೇ ರಸ್ತೆ ಮರುನಿರ್ಮಿಸುವುದೆಂದರೆ ಮತ್ತೊಮ್ಮೆ ಗುಡ್ಡ ಒಡೆದು ಜಲ್ಲಿ ಮಾಡಬೇಕು, ಅದನ್ನು ಹಾಟ್ ಮಿಕ್ಸ್ ಪ್ಲಾಂಟಿನಲ್ಲಿ 150 ಡಿಗ್ರಿಗೂ ಮೇಲೆ ಕಾಯಿಸಲು ಎಣ್ಣೆ ಸುಡಬೇಕು, ಡಾಂಬರು ತರಬೇಕು. ಆ ಜಲ್ಲಿಯನ್ನು ತರುವುದೂ ಓವರ್‌ಲೋಡ್ ಟಿಪ್ಪರೇ! ಇನ್ನು ಗುಂಡಿ ಬಿದ್ದ ರಸ್ತೆಯಲ್ಲಿ ಬಸ್ಸು, ಕಾರು, ಸರಿಯಾದ ತೂಕದ ಲಾರಿ, ಎಲ್ಲವೂ ಗೇರು ಇಳಿಸಿ ಏರಿಸುತ್ತ ಹೆಚ್ಚು ಇಂಧನ ಕುಡಿಯುತ್ತವೆ. ಲೀಟರ್ ಡೀಸೆಲ್ ಸುಟ್ಟರೆ ಸುಮಾರು 2.7 ಕಿಲೋ ಇಂಗಾಲದ ಡೈಆಕ್ಸೈಡ್. ಓವರ್‌ಲೋಡ್ ಲಾರಿ ಟನ್ ಲೆಕ್ಕದಲ್ಲಿ ಡೀಸೆಲ್ ಉಳಿಸುವುದು ನಿಜ, ಆದರೆ ಉಳಿಸಿದ್ದನ್ನು ಆ ರಸ್ತೆಯ ಮಿಕ್ಕವರಿಂದ ಸುಡಿಸುತ್ತದೆ.

ಮಾಲೀಕ ಏಕೆ ಹೇರುತ್ತಾನೆ

ನಮ್ಮಲ್ಲಿ ಲಾರಿಗಳ ಬಹುಪಾಲು ಇರುವುದು ಒಂದೆರಡರಿಂದ ಐದು ಲಾರಿ ಇಟ್ಟುಕೊಂಡ ಚಿಕ್ಕ ಮಾಲೀಕರ ಕೈಯಲ್ಲಿ. ಅವರ ಲೆಕ್ಕವನ್ನು ದುಂಡು ಅಂಕಿಗಳಲ್ಲಿ ಹೀಗೆ ನೋಡಬಹುದು. 300 ಕಿಲೋಮೀಟರ್ ದೂರ, ಬರುವಾಗ ಖಾಲಿ. ಬಾಡಿಗೆ ಟನ್ನಿಗೆ 1,000 ರೂಪಾಯಿ. ಡೀಸೆಲ್, ಟೋಲ್, ಡ್ರೈವರ್ ಬಾಟಾ, ಸಾಲದ ಕಂತು, ವಿಮೆ, ಟೈರು ಎಲ್ಲ ಸೇರಿ ಟ್ರಿಪ್ಪಿಗೆ 21,000 ರೂಪಾಯಿ ಖರ್ಚು. 19 ಟನ್ ಹೊತ್ತರೆ ಬರುವುದು 19,000. ಕೈಯಿಂದ 2,000 ಹೋಯಿತು. 26 ಟನ್ ಹೊತ್ತರೆ ಡೀಸೆಲ್, ಟೈರಿಗೆ 2,500 ಹೆಚ್ಚಾದರೂ ಕೈಯಲ್ಲಿ 2,500 ಉಳಿಯುತ್ತದೆ. ಕಂತು, ವಿಮೆ, ಡ್ರೈವರ್ ಖರ್ಚು ಲೋಡ್ ನೋಡಿ ಏರುವುದಿಲ್ಲ, ಆದ್ದರಿಂದ ಮಿತಿ ದಾಟಿದ ಕೊನೆಯ ಟನ್ನುಗಳಲ್ಲೇ ಮಾಲೀಕನ ಲಾಭ ಇರುವುದು.

ಹಾಗಾದರೆ ಬಾಡಿಗೆ ಟನ್ನಿಗೆ 1,000ಕ್ಕೇ ಏಕೆ ನಿಂತಿದೆ? ಎಲ್ಲರೂ 26 ಟನ್ ಹೇರುವುದರಿಂದ. ಯಾರೂ ಮಿತಿ ಮೀರದಿದ್ದರೆ ಈ ಲೆಕ್ಕದಲ್ಲಿ ಬಾಡಿಗೆ 1,200ರ ಸುತ್ತ ನಿಲ್ಲಬೇಕಿತ್ತು. ಪೈಪೋಟಿಯಲ್ಲಿ ದರ ಇಳಿದು ಇಳಿದು, ಓವರ್‌ಲೋಡ್ ಮಾಡಿದವನಿಗೆ ಹೊಟ್ಟೆಪಾಡು, ಮಾಡದವನಿಗೆ ನಷ್ಟ ಎಂಬಲ್ಲಿಗೆ ಬಂದು ನಿಂತಿದೆ. ಟನ್ನಿಗೆ 200 ರೂಪಾಯಿ ಉಳಿತಾಯ ಹೋಗಿದ್ದು ಸರಕು ಕಳಿಸುವ ಗಣಿ, ಕ್ರಷರ್, ಕಾರ್ಖಾನೆಗೆ. ರಸ್ತೆ ದುರಸ್ತಿಯ ಬಿಲ್ಲು ಹೋಗಿದ್ದು ಲೋಕೋಪಯೋಗಿ ಇಲಾಖೆಗೆ, ಅಂದರೆ ತೆರಿಗೆ ಕಟ್ಟುವವರಿಗೆ. ಮುರಿದ ಸ್ಪ್ರಿಂಗ್ ಪ್ಲೇಟು, ಸಿಡಿದ ಟೈರು, ಕೇಸು, ಇವೆಲ್ಲ ಲಾರಿಯವನಿಗೆ. ಲಾರಿ ಮಾಲೀಕನನ್ನು ಈ ಕಥೆಯ ಖಳನಾಯಕ ಮಾಡುವುದು ಸುಲಭ, ಆದರೆ ಲೆಕ್ಕ ಅವನ ಕಡೆ ಬೆರಳು ತೋರಿಸುವುದಿಲ್ಲ.

ಟೈರಿನ ವಿಷಯ ಒಂದಿಷ್ಟು ಹೇಳಬೇಕು. ತೂಕ ಹೆಚ್ಚಾದರೆ ಟೈರಿನ ಪಕ್ಕೆ ಪ್ರತಿ ಸುತ್ತಿಗೂ ಹೆಚ್ಚು ಬಾಗಿ ಒಳಗೇ ಕಾಯುತ್ತದೆ, ಪದರಗಳು ಬಿಡುತ್ತವೆ. ಜೋಡಿ ಚಕ್ರದಲ್ಲಿ ಒಂದರ ಗಾಳಿ ಕಡಿಮೆಯಿದ್ದರೆ ಅದರ ಪಾಲನ್ನೂ ಇನ್ನೊಂದೇ ಹೊರಬೇಕು. ಬ್ರೇಕಿನದ್ದು ಇನ್ನೂ ಕಷ್ಟ. 35 ಟನ್ ಲಾರಿ 500 ಮೀಟರ್ ಎತ್ತರದ ಘಾಟಿ ಇಳಿಯುವಾಗ 28 ಟನ್ ಲಾರಿಗಿಂತ ಕಾಲುಭಾಗ ಹೆಚ್ಚು ಶಕ್ತಿಯನ್ನು ಬ್ರೇಕ್ ಮತ್ತು ಎಂಜಿನ್ ಸೇರಿ ಅರಗಿಸಿಕೊಳ್ಳಬೇಕು. ಡೀಸೆಲ್ ಉಳಿಸಲೆಂದು ನ್ಯೂಟ್ರಲ್‌ಗೆ ಹಾಕಿ ಬಿಟ್ಟರೆ ಎಂಜಿನ್ನಿನ ಹಿಡಿತ ತಪ್ಪಿ ಎಲ್ಲ ಶಾಖವೂ ಬ್ರೇಕ್ ಡ್ರಮ್ಮಿಗೆ. ಡ್ರಮ್ ಕಾದು ಹಿಗ್ಗಿ, ಲೈನರಿನ ಹಿಡಿತ ಹೋಗಿ, ಪೆಡಲ್ ಒತ್ತಿದರೂ ಲಾರಿ ನಿಲ್ಲದ ಸ್ಥಿತಿ ಬರುತ್ತದೆ. ಘಾಟಿಯ ಕೆಳಗಿನ ತಿರುವುಗಳಲ್ಲಿ ‘ಬ್ರೇಕ್ ಫೇಲ್’ ಎಂದು ಸುದ್ದಿಯಾಗುವ ಅಪಘಾತಗಳಲ್ಲಿ ಬ್ರೇಕ್ ಕೆಟ್ಟಿರಲೇಬೇಕೆಂದಿಲ್ಲ.

ಹೊಗೆ ತಪಾಸಣೆಗೆ ಕಾಣದ ಹೊಗೆ

ಡೀಸೆಲ್ ಎಂಜಿನ್ನಿಗೆ ಒಳಗೆಳೆಯುವ ಗಾಳಿಗೆ ತಕ್ಕ ಡೀಸೆಲ್ ಕೊಟ್ಟರೆ ಸರಿಯಾಗಿ ಉರಿಯುತ್ತದೆ. ಏರಿನಲ್ಲಿ ಮಿತಿಮೀರಿದ ತೂಕ ಎಳೆಯುವಾಗ ಡ್ರೈವರ್ ಪೂರಾ ಒತ್ತುತ್ತಾನೆ, ಎಂಜಿನ್ನಿನ ವೇಗ ಏರುವುದಿಲ್ಲ, ಗಾಳಿ ಸಾಲುವುದಿಲ್ಲ. ಅರೆಬೆಂದ ಡೀಸೆಲ್ ಕಪ್ಪು ಮಸಿಯಾಗಿ ಹೊರಬರುತ್ತದೆ. ಹಳೆಯ ಲಾರಿಗಳಲ್ಲಿ ಪಂಪಿನ ಸೆಟ್ಟಿಂಗ್ ತಿರುವಿ ‘ಪವರ್’ ಏರಿಸಿಕೊಂಡಿದ್ದರೆ ಇನ್ನೂ ಜಾಸ್ತಿ.

ಹೊಗೆ ತಪಾಸಣೆ ಕೇಂದ್ರದಲ್ಲಿ ಡೀಸೆಲ್ ವಾಹನವನ್ನು ಪರೀಕ್ಷಿಸುವುದು ನಿಂತ ಜಾಗದಲ್ಲಿ, ನ್ಯೂಟ್ರಲ್‌ನಲ್ಲಿ ಆಕ್ಸಿಲರೇಟರ್ ಒತ್ತಿ, ಹೊಗೆ ಬೆಳಕನ್ನು ಎಷ್ಟು ತಡೆಯುತ್ತದೆ ಎಂದು ಅಳೆಯುವ ಮೂಲಕ. ಎಂಜಿನ್ನಿನ ಮೇಲೆ ಭಾರವೇ ಇಲ್ಲ. ಘಾಟಿಯಲ್ಲಿ ಕಾರುವ ಹೊಗೆ ಆ ಚೀಟಿಯಲ್ಲಿ ದಾಖಲಾಗುವುದಿಲ್ಲ. 2020ರ ಏಪ್ರಿಲ್ 1ರಿಂದ ಬಂದ ಬಿಎಸ್-6 ಹೊಗೆ ಮಾನದಂಡದ ಲಾರಿಗಳಲ್ಲಿ ಮಸಿ ಹಿಡಿಯುವ ಫಿಲ್ಟರ್, ಹೊಗೆಯ ವಿಷಾನಿಲ ತಗ್ಗಿಸಲು ಯೂರಿಯಾ ದ್ರಾವಣ ಸಿಂಪಡಿಸುವ ವ್ಯವಸ್ಥೆ ಇದೆ. ಡೀಸೆಲ್ಲಿನ ಗಂಧಕವೂ 50ರಿಂದ 10 ಪಿಪಿಎಂಗೆ (ಹತ್ತು ಲಕ್ಷದಲ್ಲಿ ಹತ್ತು ಪಾಲಿಗೆ) ಇಳಿಯಿತು. ಇದು ನಿಜಕ್ಕೂ ದೊಡ್ಡ ಸುಧಾರಣೆ. ಆದರೆ 100 ಲೀಟರ್ ಡೀಸೆಲ್ಲಿಗೆ ಸುಮಾರು 5 ಲೀಟರ್ ಯೂರಿಯಾ ದ್ರಾವಣದ ಖರ್ಚು ತಪ್ಪಿಸಲು ಸೆನ್ಸರಿಗೆ ಸುಳ್ಳು ಹೇಳುವ ಉಪಕರಣ ಹಾಕಿಸಿಕೊಂಡರೆ ಆ ಸುಧಾರಣೆ ಅಲ್ಲೇ ಮುಗಿಯಿತು.

ಬಳ್ಳಾರಿ ಅದಿರು

ಇಡೀ ವಿಷಯವನ್ನು ಒಂದೇ ಕಡೆ ನೋಡಬೇಕೆಂದರೆ 2000ದ ದಶಕದ ಬಳ್ಳಾರಿ ಸಾಕು. ಚೀನಾದ ಬೇಡಿಕೆಯಿಂದ ಕಬ್ಬಿಣದ ಅದಿರಿನ ಬೆಲೆ ಏರಿತು. ರೈಲ್ವೆ ರೇಕ್ (ಇಡೀ ಗೂಡ್ಸ್ ರೈಲು) ಸಿಗುವವರೆಗೆ ಕಾಯುವ ತಾಳ್ಮೆ ಯಾರಿಗೂ ಇರಲಿಲ್ಲ. ಸಂಡೂರು, ಹೊಸಪೇಟೆಯಿಂದ ಲಾರಿಗಳು ಅರಬೈಲ್ ಘಾಟಿಯ ಮೂಲಕ ಬೇಲೆಕೇರಿ, ಕಾರವಾರಕ್ಕೆ, ಶಿರಾಡಿ ಘಾಟಿಯ ಮೂಲಕ ಮಂಗಳೂರಿಗೆ, ಪೂರ್ವಕ್ಕೆ ಕೃಷ್ಣಪಟ್ಟಣಕ್ಕೆ ಸಾಲುಗಟ್ಟಿದವು. ಅದಿರು ಮರಳಿಗಿಂತ ಬಹಳ ಭಾರ. ಬಾಡಿ ಅರ್ಧ ತುಂಬಿದಂತೆ ಕಂಡರೂ ತೂಕ ಮಿತಿ ದಾಟಿರುತ್ತದೆ.

ಇಲ್ಲಿ ಓವರ್‌ಲೋಡ್ ಬರೀ ಸಾಗಣೆ ಉಳಿತಾಯವಾಗಿರಲಿಲ್ಲ. ಪರ್ಮಿಟ್ಟಿನಲ್ಲಿ ಒಂದು ತೂಕ, ಲಾರಿಯಲ್ಲಿ ಇನ್ನೊಂದು ಎಂದಾಗ ಆ ವ್ಯತ್ಯಾಸದ ಅದಿರಿಗೆ ಸರ್ಕಾರಕ್ಕೆ ಕಟ್ಟಬೇಕಾದ ರಾಯಲ್ಟಿಯೂ ಇಲ್ಲ, ದಾಖಲೆಯೂ ಇಲ್ಲ. ನ್ಯಾಯಮೂರ್ತಿ ಎನ್. ಸಂತೋಷ್ ಹೆಗ್ಡೆ ಲೋಕಾಯುಕ್ತರಾಗಿದ್ದಾಗ 2008 ಮತ್ತು 2011ರಲ್ಲಿ ಕೊಟ್ಟ ವರದಿಗಳು ಅಕ್ರಮ ಗಣಿಗಾರಿಕೆಯ ಜತೆಗೆ ಈ ಸಾಗಣೆಯ ಜಾಲವನ್ನೂ ಬಿಡಿಸಿಟ್ಟವು. ರಾಜ್ಯ ಸರ್ಕಾರ 2010ರ ಜುಲೈನಲ್ಲಿ ಅದಿರು ರಫ್ತಿಗೆ ತಡೆ ಹಾಕಿತು, ಸುಪ್ರೀಂ ಕೋರ್ಟ್ 2011ರ ಜುಲೈನಲ್ಲಿ ಬಳ್ಳಾರಿಯ ಗಣಿಗಾರಿಕೆಯನ್ನೇ ನಿಲ್ಲಿಸಿತು. ಅಷ್ಟರಲ್ಲಿ ರಸ್ತೆಗಳು ಪುಡಿಯಾಗಿದ್ದವು. ಚೆಲ್ಲಿದ ಅದಿರು ಚಕ್ರಕ್ಕೆ ಸಿಕ್ಕಿ ಕೆಂಪು ದೂಳಾಗಿ, ರಸ್ತೆ ಬದಿಯ ಹೊಲದ ಬೆಳೆಯ ಎಲೆಗಳ ಮೇಲೆ ಕೂತಿತು. ಎಲೆಯ ಮೇಲೆ ಪದರ ಕೂತರೆ ಬೆಳಕು ತಾಗುವುದಿಲ್ಲ, ಉಸಿರಾಟದ ರಂಧ್ರ ಮುಚ್ಚುತ್ತದೆ, ಇಳುವರಿ ಇಳಿಯುತ್ತದೆ. ಈ ನಷ್ಟ ಯಾವ ಗಣಿಯ ಲೆಕ್ಕಪುಸ್ತಕದಲ್ಲೂ ಖರ್ಚೆಂದು ಬರೆದಿಲ್ಲ. ಶಿರಾಡಿಯನ್ನು ಮುಂದೆ 2015 ಮತ್ತು 2018ರಲ್ಲಿ ತಿಂಗಳುಗಟ್ಟಲೆ ಮುಚ್ಚಿ ಕಾಂಕ್ರೀಟ್ ಹಾಕಬೇಕಾಯಿತು.

ಈಗ ಸಂಡೂರು ಗುಡ್ಡಗಳಿಂದ ತೋರಣಗಲ್ಲಿನ ಉಕ್ಕಿನ ಕಾರ್ಖಾನೆಗೆ ಸುಮಾರು 24 ಕಿಲೋಮೀಟರ್ ಉದ್ದದ ಪೈಪ್ ಕನ್ವೇಯರ್ ಇದೆ. ರಬ್ಬರ್ ಪಟ್ಟಿ ಕೊಳವೆಯಂತೆ ಸುತ್ತಿಕೊಂಡು ಅದಿರನ್ನು ಒಳಗಿಟ್ಟು ಒಯ್ಯುತ್ತದೆ, ದೂಳಿಲ್ಲ, ಲಾರಿಯಿಲ್ಲ. ಒಂದೇ ಜಾಗದಿಂದ ಒಂದೇ ಜಾಗಕ್ಕೆ, ವರ್ಷವಿಡೀ, ಒಂದೇ ಸರಕು ಸಾಗುವಲ್ಲಿ ಮಾತ್ರ ಇದು ಗಿಟ್ಟುತ್ತದೆ. ಜಲ್ಲಿ, ಮರಳು, ಈರುಳ್ಳಿಗೆ ಲಾರಿಯೇ ಗತಿ.

ಕಾನೂನಿದೆ, ಇಳಿಸುವ ಜಾಗವಿಲ್ಲ

ಮೋಟಾರು ವಾಹನ ಕಾಯ್ದೆಯ 194ನೇ ಕಲಮಿನ ದಂಡ 2019ರ ತಿದ್ದುಪಡಿಯ ನಂತರ 20,000 ರೂಪಾಯಿ, ಜತೆಗೆ ಹೆಚ್ಚುವರಿ ಟನ್ನಿಗೆ 2,000. ಹೆಚ್ಚುವರಿ ಸರಕು ಇಳಿಸುವ ಖರ್ಚೂ ತಪ್ಪಿತಸ್ಥನದ್ದೇ. ದಂಡ ಕಟ್ಟಿಸಿಕೊಂಡು ಓವರ್‌ಲೋಡಿಗೆ ಪರವಾನಗಿ ಕೊಡುವ ಕೆಲವು ರಾಜ್ಯಗಳ ಕಾರ್ಡ್ ಪದ್ಧತಿಯನ್ನು ಸುಪ್ರೀಂ ಕೋರ್ಟ್ 2005ರಲ್ಲೇ ತಳ್ಳಿಹಾಕಿತ್ತು: ದಂಡ ಕಟ್ಟಿದರೂ ಸರಕು ಇಳಿಸದೆ ಲಾರಿ ಮುಂದೆ ಹೋಗುವಂತಿಲ್ಲ.

ಕಾಗದದಲ್ಲಿ ಇದು ಕಟ್ಟುನಿಟ್ಟು. ಸ್ಥಳದಲ್ಲಿ ಏನಾಗುತ್ತದೆ ಎಂದರೆ, ಹೆದ್ದಾರಿ ಬದಿಯಲ್ಲಿ 7 ಟನ್ ಸಿಮೆಂಟು ಇಳಿಸಲು ಗೋದಾಮಿಲ್ಲ, ಹಮಾಲರಿಲ್ಲ, ಕಾಯುವವರಿಲ್ಲ, ಮಳೆ ಬಂದರೆ ಹೊಣೆ ಯಾರದೆಂದು ಗೊತ್ತಿಲ್ಲ. ಹಾಗಾಗಿ ದಂಡದ ರಸೀದಿ ಕೈಯಲ್ಲಿ ಹಿಡಿದು ಅದೇ ಲೋಡಿನೊಂದಿಗೆ ಲಾರಿ ಮುಂದೆ ಸಾಗುತ್ತದೆ. ದಂಡ ಅಪರೂಪಕ್ಕೊಮ್ಮೆ ಬಿದ್ದರೆ ಮಾಲೀಕ ಅದನ್ನು ಟ್ರಿಪ್ ಖರ್ಚಿಗೆ ಹಾಕಿಕೊಳ್ಳುತ್ತಾನೆ. ಸುಪ್ರೀಂ ಕೋರ್ಟಿನ ರಸ್ತೆ ಸುರಕ್ಷತಾ ಸಮಿತಿ 2015ರಲ್ಲಿ ಓವರ್‌ಲೋಡಿಗೆ ಕನಿಷ್ಠ ಮೂರು ತಿಂಗಳು ಲೈಸೆನ್ಸ್ ಅಮಾನತು ಮಾಡಿ ಎಂದಿತು. ಪೆಟ್ಟು ಬಿದ್ದದ್ದು ಡ್ರೈವರಿಗೆ. ಎಷ್ಟು ಹೇರಬೇಕೆಂದು ತೀರ್ಮಾನಿಸುವವನು ಡ್ರೈವರಲ್ಲ.

194ನೇ ಕಲಮಿನಲ್ಲಿ ಒಂದು ಮಾತಿದೆ: ವಾಹನ ಓಡಿಸಿದವನಷ್ಟೇ ಅಲ್ಲ, ಓಡಿಸಲು ಕಾರಣನಾದವನೂ, ಬಿಟ್ಟವನೂ ಹೊಣೆ. ಲೋಡ್ ಮಾಡಿಸಿದ ಕ್ರಷರ್, ಗಣಿ, ಕಾರ್ಖಾನೆಯನ್ನು ಹಿಡಿಯಲು ಇಷ್ಟು ಸಾಕು. ಗೇಟಿನ ವೇ ಬ್ರಿಡ್ಜ್ ಚೀಟಿಯೇ ಸಾಕ್ಷಿ. ಲಕ್ಷ ಲಾರಿಗಳನ್ನು ರಸ್ತೆಯಲ್ಲಿ ಹಿಡಿಯುವುದಕ್ಕಿಂತ ನೂರು ಗೇಟುಗಳನ್ನು ಕಾಯುವುದು ಸುಲಭ.

ಬೇರೆ ದೇಶಗಳೂ ಇದೇ ಗೋಳಿನಲ್ಲಿವೆ. ಇಂಡೊನೇಷ್ಯಾ ಓವರ್‌ಲೋಡನ್ನು ಪೂರ್ತಿ ನಿಲ್ಲಿಸುವ ಗಡುವನ್ನು ಉದ್ಯಮದ ಒತ್ತಾಯಕ್ಕೆ 2021ರಿಂದ 2023ಕ್ಕೆ ಮುಂದೂಡಿತು, ಸರಕಿನ ಬೆಲೆ ಏರೀತೆಂಬ ಭಯಕ್ಕೆ. ಕೀನ್ಯಾ, ಉಗಾಂಡ, ಟಾಂಜಾನಿಯಾ ಇರುವ ಪೂರ್ವ ಆಫ್ರಿಕಾ ಸಮುದಾಯ 2013ರಲ್ಲಿ ಒಂದೇ ಕಾಯ್ದೆ ತಂದು, ಜೋಡಿ ಟೈರಿನ ಒಂಟಿ ಆಕ್ಸಲಿಗೆ 10 ಟನ್, ಒಟ್ಟು 56 ಟನ್ ಮಿತಿ ಹಾಕಿತು. ಗಡಿ ದಾಟಿದ ಕೂಡಲೇ ನಿಯಮ ಬದಲಾಗದಿರುವುದು ಅದರ ಲಾಭ.

ನಾವು 2018ರ ಜುಲೈನಲ್ಲಿ ಮಾಡಿದ್ದು ಬೇರೆ. ಜೋಡಿ ಟೈರಿನ ಒಂಟಿ ಆಕ್ಸಲ್ ಮಿತಿಯನ್ನೇ 10.2ರಿಂದ 11.5 ಟನ್ನಿಗೆ ಏರಿಸಿದೆವು. ಹೊಸ ಹೆದ್ದಾರಿ, ಹೊಸ ಲಾರಿಗಳಿಗೆ ಹಳೆಯ ಮಿತಿ ಕಡಿಮೆಯಾಯಿತು ಎಂಬ ವಾದದಲ್ಲಿ ಹುರುಳಿತ್ತು. ಆದರೆ ನಾಲ್ಕನೇ ಘಾತದಲ್ಲಿ ಆ ಒಂದು ಆಕ್ಸಲಿನ ಪೆಟ್ಟು ಸುಮಾರು 62 ಶೇಕಡಾ ಏರಿತು, ಮತ್ತು ಅದೇ ಲಾರಿಗಳು ಹಳೆಯ ಲೆಕ್ಕಕ್ಕೆ ಕಟ್ಟಿದ ಜಿಲ್ಲಾ ರಸ್ತೆಗೂ ಇಳಿಯುತ್ತವೆ.

ಹಳ್ಳಿ ರಸ್ತೆಗೆ

ಹೆದ್ದಾರಿಗಿಂತ ಬೇಗ ಸಾಯುವುದು ಕ್ವಾರಿಯಿಂದ ಹೆದ್ದಾರಿಗೆ ಬರುವ ಹಳ್ಳಿ ರಸ್ತೆ. ಗ್ರಾಮ ಸಡಕ್ ಯೋಜನೆಯ ತೆಳ್ಳನೆ ರಸ್ತೆ ಎತ್ತಿನ ಗಾಡಿ, ಟ್ರ್ಯಾಕ್ಟರ್, ದಿನಕ್ಕೆ ಕೆಲವೇ ಲಾರಿಗಳ ಲೆಕ್ಕದಲ್ಲಿ ಹಾಕಿದ್ದು. ದಿನಕ್ಕೆ ನಲವತ್ತು ಟಿಪ್ಪರ್ ಓಡಿದರೆ ಅದರ ಆಯಸ್ಸು ವರ್ಷಗಳಲ್ಲಲ್ಲ, ತಿಂಗಳುಗಳಲ್ಲಿ.

ಟಿಪ್ಪರ್ ಮಿತಿ ಮೀರಿದೆಯೇ ಎಂದು ತಿಳಿಯಲು ವೇ ಬ್ರಿಡ್ಜೇ ಬೇಕೆಂದಿಲ್ಲ. ವಾಹನದ ನೋಂದಣಿ ಪತ್ರದಲ್ಲಿ (ಆರ್‌ಸಿ) ಒಟ್ಟು ತೂಕ ಮತ್ತು ಖಾಲಿ ತೂಕ ಎರಡೂ ಬರೆದಿರುತ್ತದೆ. ಕಳೆದರೆ ಸಿಗುವುದೇ ಹೊರಬಹುದಾದ ಲೋಡ್. ಹತ್ತು ಚಕ್ರದ ಟಿಪ್ಪರಿನ ಖಾಲಿ ತೂಕ 10–11 ಟನ್ ಇದ್ದರೆ ಲೋಡ್ 17–18 ಟನ್. ಒಂದು ಬ್ರಾಸ್ ಅಂದರೆ 100 ಘನ ಅಡಿ, 2.83 ಘನ ಮೀಟರ್. ಎಂ-ಸ್ಯಾಂಡ್ ಘನ ಮೀಟರಿಗೆ ಸುಮಾರು 1.6 ಟನ್ ತೂಗುವುದರಿಂದ ಬ್ರಾಸಿಗೆ ನಾಲ್ಕೂವರೆ ಟನ್. ನಾಲ್ಕು ಬ್ರಾಸಿಗೇ ಮಿತಿ ಮುಟ್ಟಿತು. ಆರು ಬ್ರಾಸ್ ಎಂದು ಬಿಲ್ಲು ಕೊಟ್ಟರೆ ಅದು 27 ಟನ್, ಮರಳು ಒದ್ದೆಯಿದ್ದರೆ ಇನ್ನೂ ಹೆಚ್ಚು. ಬಾಡಿಯ ಅಂಚಿಗೆ ಹೆಚ್ಚುವರಿ ಹಲಗೆ ಕಟ್ಟಿ ಎತ್ತರಿಸಿದ್ದರೆ ಕೇಳುವುದೇ ಬೇಡ.

ಕಾಯ್ದೆಯ 115ನೇ ಕಲಮಿನಲ್ಲಿ ನಿರ್ದಿಷ್ಟ ರಸ್ತೆಗೆ ಭಾರಿ ವಾಹನ ಬಾರದಂತೆ ತಡೆಯುವ ಅಧಿಕಾರವಿದೆ. ಕೊಡಗಿನಲ್ಲಿ ಮಳೆಗಾಲಕ್ಕೆ ಮರಳು ಮತ್ತು ಮರದ ದಿಮ್ಮಿ ಸಾಗಿಸುವ ಲಾರಿಗಳಿಗೆ ಜಿಲ್ಲಾಡಳಿತ ನಿರ್ಬಂಧ ಹಾಕುವುದು ಇಂಥ ಅಧಿಕಾರದಿಂದಲೇ. ನೆಂದ ಮಣ್ಣಿನ ಮೇಲಿನ ರಸ್ತೆಗೆ ಜೂನ್–ಜುಲೈಯಲ್ಲಿ ಬೀಳುವ ಪೆಟ್ಟು ಬೇಸಿಗೆಯ ಪೆಟ್ಟಿಗಿಂತ ಎಷ್ಟೋ ಜಾಸ್ತಿ, ಹಾಗಾಗಿ ಆ ಎರಡು ತಿಂಗಳು ತಡೆದರೂ ರಸ್ತೆಯ ಆಯಸ್ಸು ಹೆಚ್ಚುತ್ತದೆ. ಕ್ವಾರಿ ಇರುವ ಊರಿನ ಪಂಚಾಯಿತಿ ಇಂಥ ತಡೆ ಬೇಕೆಂದು ಜಿಲ್ಲಾಧಿಕಾರಿಗೆ ಮನವಿ ಕೊಡಬಹುದು. ಜತೆಗೆ ಒಂದು ವಾರ ಹಾಯ್ದ ಟಿಪ್ಪರುಗಳ ಸಂಖ್ಯೆ, ಬ್ರಾಸ್ ಬಿಲ್ಲಿನ ನಕಲು, ಆ ರಸ್ತೆ ಎಷ್ಟು ಸಂಚಾರಕ್ಕೆ ವಿನ್ಯಾಸವಾಗಿತ್ತು ಎಂಬ ಕಾಮಗಾರಿ ದಾಖಲೆ, ಈ ಮೂರನ್ನು ಲಗತ್ತಿಸಿದರೆ ಮನವಿಗೆ ತೂಕ ಬರುತ್ತದೆ.